ಚಿತ್ರತುರಗ ನ್ಯಾಯವೂ ಉತ್ತರ ಧ್ರುವದಂಚಿನ ವಿಮಾನ ನಿಲ್ದಾಣಗಳೂ

ಅನುಕರಣವು ಮಾನವನ ಹುಟ್ಟುಗುಣ. ಮಗು ಮಾತನ್ನು ಕಲಿಯುವುದೂ, ಶಿಷ್ಯನು ಗುರುವಿನ ಉಚ್ಚಾರವನ್ನು ಪಡೆಯುವುದೂ, ನಟನು ರಂಗದ ಮೇಲೆ ರಾಮನಾಗುವುದೂ ಅನುಕರಣದ ಬಲದಿಂದಲೇ. ಆದರೆ ಅನುಕರಣಕ್ಕೂ ಒಂದು ಧರ್ಮವುಂಟು. ಆ ಧರ್ಮವನ್ನು ಮರೆತಲ್ಲಿ ಅದು ಅಣಕವಾಗಿ ಕೆಡುತ್ತದೆ. ಈ ವಿವೇಕವನ್ನು ಪ್ರಾಚೀನ ಆಲಂಕಾರಿಕರು ಕಾವ್ಯ ನಾಟಕಗಳ ವಿಷಯದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಗಣಕಯಂತ್ರದ ತೆರೆಯ ಮೇಲೆ ಹುಟ್ಟಿಕೊಂಡಿರುವ ಹೊಸದೊಂದು ಅನುಕರಣ ಕಲೆಗೂ ಆ ವಿವೇಕವನ್ನು ಅನ್ವಯಿಸಿ ನೋಡುವುದು ಅಪ್ರಸ್ತುತವಾಗಲಾರದು.

ವಿಮಾನ ಚಾಲನೆಯನ್ನು ಮನೆಯಲ್ಲಿ ಕುಳಿತೇ ಅನುಭವಿಸುವಂತೆ ಮಾಡುವ ಫ್ಲೈಟ್ ಸಿಮ್ಯುಲೇಟರ್ ಎಂಬ ಸಾಧನವು ಇಂದಿನ ತರುಣರಿಗೆ ಪರಿಚಿತವೇ ಆಗಿದೆ. ಅದರಲ್ಲಿ ಆಸಕ್ತರಾದ ಕೆಲವರು ಜಗತ್ತಿನ ಉತ್ತರದ ಅಂಚಿನಲ್ಲಿರುವ, ಹಿಮದಿಂದ ಆವೃತವಾದ, ಹೆಚ್ಚಿನವರು ಹೆಸರನ್ನೂ ಕೇಳದ ಪುಟ್ಟ ವಿಮಾನ ನಿಲ್ದಾಣಗಳನ್ನು ಕಲ್ಲು ಮಣ್ಣು ಕಟ್ಟಡಗಳ ಸಮೇತ ತೆರೆಯ ಮೇಲೆ ಪುನರ್ನಿರ್ಮಿಸುತ್ತಾರೆ. ಇದನ್ನು ಕಂಡ ಹಿರಿಯರು ‘ಇದೆಂಥ ಹುಡುಗಾಟ’ ಎಂದು ಮೂಗು ಮುರಿಯುವುದುಂಟು. ಆ ತಿರಸ್ಕಾರ ಸಲ್ಲದು. ಹಾಗೆಂದು ಕುರುಡು ಪ್ರಶಂಸೆಯೂ ಸಲ್ಲದು.

ಮೊದಲಿಗೆ, ಈ ಸಾಧನವು ಹುಡುಗಾಟಕ್ಕಾಗಿ ಹುಟ್ಟಿದುದಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ತನ್ನ ತಂದೆಯ ವಾದ್ಯ ಕಾರ್ಖಾನೆಯಲ್ಲಿ ಆರ್ಗನ್ ವಾದ್ಯಕ್ಕೆ ಬಳಸುವ ತಿದಿಗಳನ್ನೇ ಉಪಯೋಗಿಸಿ, ನೆಲದ ಮೇಲೆಯೇ ವಾಲಾಡುವ ವಿಮಾನದ ಮಾದರಿಯೊಂದನ್ನು 1929ರಲ್ಲಿ ರಚಿಸಿದನು. ಆರಂಭದಲ್ಲಿ ಜನ ಅದನ್ನು ಜಾತ್ರೆಯ ಆಟಿಕೆಯೆಂದೇ ಬಗೆದರು. 1934ರಲ್ಲಿ ಅಮೆರಿಕದ ಸೇನೆಯು ವಿಮಾನದ ಅಂಚೆ ಸಾಗಣೆಯ ಹೊಣೆ ಹೊತ್ತು, ಮಂಜು ಮೋಡಗಳಲ್ಲಿ ದಾರಿಗಾಣದೆ ಹಲವು ಚಾಲಕರನ್ನು ಕಳೆದುಕೊಂಡ ಮೇಲೆಯೇ ಅಂಥ ಆರು ಯಂತ್ರಗಳನ್ನು ಕೊಂಡಿತು. ಆಟಿಕೆ ಎನಿಸಿದ್ದು ಪ್ರಾಣರಕ್ಷಕವಾಯಿತು. ಮುಂದೆ 1980ರ ವೇಳೆಗೆ ಬ್ರೂಸ್ ಆರ್ಟ್‌ವಿಕ್ ಎಂಬಾತ ಇದೇ ಕಲ್ಪನೆಯನ್ನು ಮನೆಯ ಗಣಕಯಂತ್ರಕ್ಕೆ ಇಳಿಸಿದನು. ಅಂದಿನ ತೆರೆಯಲ್ಲಿ ಕೆಲವು ಗೆರೆಗಳೇ ಬೆಟ್ಟ, ಕೆಲವು ಗೆರೆಗಳೇ ನೆಲ. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಸಂಸ್ಥೆಯ ಹೊಸ ಆವೃತ್ತಿಯಲ್ಲಿಯಾದರೋ ಉಪಗ್ರಹ ಚಿತ್ರಗಳ ನೆರವಿನಿಂದ ಇಡೀ ಭೂಮಂಡಲವೇ ಒಳಗೊಂಡಿತು.

ಇಡೀ ಭೂಮಂಡಲವೇ ಇರುವಾಗ ಉತ್ತರದ ಊರುಗಳನ್ನು ಮತ್ತೆ ಕೈಯಿಂದ ಕಟ್ಟುವುದೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಹೀಗಿದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಗಗನನೌಕೆಯು ರೇಡಾರ್ ಯಂತ್ರದಿಂದ ಭೂಮಿಯ ಏರುತಗ್ಗುಗಳನ್ನು ಹನ್ನೊಂದು ದಿನಗಳ ಯಾತ್ರೆಯಲ್ಲಿ ಅಳೆಯಿತು. ಬೆಟ್ಟ ಕಣಿವೆಗಳ ಎತ್ತರವನ್ನು ಅರಿಯಲು ಬಹುಕಾಲ ಅದೇ ಆಧಾರವಾಗಿತ್ತು. ಆದರೆ ಆ ನೌಕೆಯ ಕಕ್ಷೆಯ ಮಿತಿಯಿಂದಾಗಿ ಅಳತೆಯು ಉತ್ತರಕ್ಕೆ 60ನೆಯ ಅಕ್ಷಾಂಶದವರೆಗೆ ಮಾತ್ರ ನಡೆಯಿತು. ಅದರಾಚೆಗಿನ ನಾಡು ಆ ಪಟದಲ್ಲಿ ಬರಿದಾಗಿಯೇ ಉಳಿಯಿತು. ಉಪಗ್ರಹ ಚಿತ್ರಗಳನ್ನು ಆಧರಿಸಿದ ಆರ್ಕ್ಟಿಕ್‌ಡೆಮ್ ಎಂಬ ಸೂಕ್ಷ್ಮ ಎತ್ತರಪಟವು ದೊರೆಯತೊಡಗಿದ್ದು 2016ರಿಂದೀಚೆಗೆ. ಮೋಡ, ಹಿಮ, ಚಳಿಗಾಲದ ದೀರ್ಘ ಕತ್ತಲೆ ಇವುಗಳಿಂದ ಅಲ್ಲಿಯ ಛಾಯಾಚಿತ್ರಗಳೂ ಸಾಮಾನ್ಯವಾಗಿ ಅಸ್ಪಷ್ಟ.

ಹೀಗೆ ಆಧಾರವಿಲ್ಲದೆಡೆಯಲ್ಲಿ ಯಂತ್ರವು ಏನು ಮಾಡುತ್ತದೆ? ತನಗೆ ತಿಳಿದಿರುವ ಸಾಮಾನ್ಯ ಮನೆಗಳನ್ನೂ ಸಾಮಾನ್ಯ ನೆಲವನ್ನೂ ಅಲ್ಲಿ ಹರಡುತ್ತದೆ. ಕಾವ್ಯಾಭ್ಯಾಸಿಗಳಿಗೆ ಇದು ಹೊಸತಲ್ಲ. ಅಷ್ಟಾದಶ ವರ್ಣನೆಗಳಿಗೆ ಕಟ್ಟುಬಿದ್ದ ಕವಿಯು ಸಮುದ್ರವನ್ನು ಕಾಣದಿದ್ದರೂ ಸಮುದ್ರವರ್ಣನೆ ಮಾಡಬಲ್ಲನು. ಕವಿಸಮಯವೇ ಅವನಿಗೆ ಕಣ್ಣು. ಯಂತ್ರವು ತಾನಾಗಿ ಹರಡುವ ಊರು ಇಂಥ ಕವಿಸಮಯದ ಊರು. ಅಲ್ಲಿ ಊರೆಂಬುದು ಇದೆ, ಆ ಊರು ಇಲ್ಲ. ಇದನ್ನು ಸಹಿಸದ ರಸಿಕನು ಛಾಯಾಚಿತ್ರಗಳನ್ನು ಕಲೆಹಾಕಿ, ನಕ್ಷೆಗಳನ್ನು ಹೋಲಿಸಿ, ರನ್‌ವೇಯ ಜಲ್ಲಿಯ ಬಣ್ಣವನ್ನೂ, ಎಣ್ಣೆಯ ಪೀಪಾಯಿಗಳ ಸಾಲನ್ನೂ, ಗಾಳಿಚೀಲವು ನಿಂತ ಸ್ಥಳವನ್ನೂ ಒಂದೊಂದಾಗಿ ತಿದ್ದಿ ನಿಲ್ಲಿಸುತ್ತಾನೆ. ತಿಂಗಳುಗಟ್ಟಲೆ ದುಡಿದು ಸಿದ್ಧಪಡಿಸಿದುದನ್ನು ಬಿಡಿಗಾಸು ಪಡೆಯದೆ ಇತರರಿಗೆ ಹಂಚುವವರೂ ಇದ್ದಾರೆ. ಕಾಯಕ ದಾಸೋಹಗಳ ಮಹತ್ವವನ್ನು ಬಲ್ಲವರು ಇಂಥ ಶ್ರಮವನ್ನು ಹಗುರವಾಗಿ ಕಾಣಲಾರರು.

ಪ್ರಶಂಸೆಗೆ ಇಷ್ಟು ಸಾಕು. ಇನ್ನು ವಿಮರ್ಶೆಗೆ ಬರಬೇಕು.

ಒಂಬತ್ತನೆಯ ಶತಮಾನದ ಕಾಶ್ಮೀರದ ಶ್ರೀಶಂಕುಕನು ನಾಟ್ಯರಸವನ್ನು ವಿವರಿಸುವಾಗ ಚಿತ್ರತುರಗ ನ್ಯಾಯವನ್ನು ಹೇಳಿದನು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡವನು ‘ಇದು ಕುದುರೆ’ ಎನ್ನುತ್ತಾನೆ. ಅದು ನಿಜಜ್ಞಾನವಲ್ಲ, ಭ್ರಾಂತಿಯಲ್ಲ, ಸಂದೇಹವಲ್ಲ, ಬರಿಯ ಹೋಲಿಕೆಯೂ ಅಲ್ಲ. ಈ ನಾಲ್ಕಕ್ಕೂ ಬೇರೆಯಾದ ಪ್ರತೀತಿಯದು. ತೆರೆಯ ಮೇಲಿನ ವಿಮಾನ ನಿಲ್ದಾಣವನ್ನು ಕಂಡು ‘ಇದೇ ರೆಸೊಲ್ಯೂಟ್, ಇದೇ ಗ್ರೀಸ್ ಫಿಯೋರ್ಡ್’ ಎನ್ನುವ ತರುಣನದೂ ಇಂಥದೇ ಪ್ರತೀತಿ. ಆದರೆ ಅಭಿನವಗುಪ್ತನ ಗುರುವಾದ ಭಟ್ಟತೌತನು ಶಂಕುಕನಿಗೆ ಬಲವಾದ ಆಕ್ಷೇಪವನ್ನೊಡ್ಡಿದನು. ಮೂಲವನ್ನು ಕಂಡವನಷ್ಟೇ ಇದು ಅದರ ಅನುಕರಣವೆಂದು ಹೇಳಬಲ್ಲನು. ಮೂಲ ರಾಮನನ್ನು ಕಂಡವರು ಯಾರು ಎಂಬುದು ಅವನ ಪ್ರಶ್ನೆ. ಈ ಆಕ್ಷೇಪವು ಇಲ್ಲಿಯೂ ನೇರವಾಗಿ ನಾಟುತ್ತದೆ. ಆ ಊರುಗಳನ್ನು ಕಟ್ಟುವವರಲ್ಲಿಯೂ ಅಲ್ಲಿ ಇಳಿದಾಡುವವರಲ್ಲಿಯೂ ಬಹುಮಂದಿ ಮೂಲವನ್ನು ಕಂಡವರಲ್ಲ. ಕಾಣದವನ ಕಣ್ಣಿಗೆ ಯಾವುದು ಬೀಳುತ್ತದೆ, ಯಾವುದು ಬೀಳದೆ ಹೋಗುತ್ತದೆ ಎಂಬುದೇ ಇಲ್ಲಿಯ ಮುಖ್ಯ ವಿಚಾರ.

ಕೆನಡ ದೇಶದ ನುನಾವುಟ್ ಪ್ರಾಂತವನ್ನು ನೋಡಬಹುದು. 1999ರಲ್ಲಿ ರೂಪುಗೊಂಡ ಈ ಪ್ರಾಂತದಲ್ಲಿ 25 ಊರುಗಳು. ಅವುಗಳಲ್ಲಿ ಒಂದರಿಂದ ಮತ್ತೊಂದಕ್ಕೆ ರಸ್ತೆಯಿಲ್ಲ, ಹೊರನಾಡಿಗೂ ರಸ್ತೆಯಿಲ್ಲ. ಬೇಸಗೆಯಲ್ಲಿ ಕೆಲವು ವಾರ ಹಿಮ ಕರಗಿದಾಗ ಹಡಗು ಬಂದರೆ ಬಂತು. ಉಳಿದ ಕಾಲವೆಲ್ಲ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದೂ, ತಾಜಾ ಆಹಾರವನ್ನೂ ಔಷಧವನ್ನೂ ಅಂಚೆಯನ್ನೂ ತರುವುದೂ ವಿಮಾನವೇ. ಅಲ್ಲಿಯ ಗ್ರೀಸ್ ಫಿಯೋರ್ಡಿನ ರನ್‌ವೇ ಸುಮಾರು 1,700 ಅಡಿಗಳ ಜಲ್ಲಿಯ ದಾರಿ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹೆಪ್ಪುಗಟ್ಟುವ ಕಡಲು. ದೊಡ್ಡ ವಿಮಾನಗಳಿಗೆ ಅಲ್ಲಿ ಎಡೆಯಿಲ್ಲ. 1965ರಲ್ಲಿ ಮೊದಲು ಹಾರಿದ ಟ್ವಿನ್ ಆಟರ್ ಎಂಬ ಗಟ್ಟಿಮುಟ್ಟಾದ ಸಣ್ಣ ವಿಮಾನದ ಜಾತಿಯೇ ಅಲ್ಲಿಗೆ ತಕ್ಕುದು. ತೆರೆಯ ಮುಂದೆ ಕುಳಿತವನಿಗೆ ಇದೊಂದು ಸವಾಲು, ಇಳಿದರೆ ಜಯ. ಆ ಊರಿನವರಿಗಾದರೋ ಅದು ಹೊಟ್ಟೆಯ ಮತ್ತು ಉಸಿರಿನ ದಾರಿ.

ಆ ಊರು ಅಲ್ಲಿ ಹೇಗೆ ಬಂದಿತೆಂಬುದು ಇನ್ನೂ ಮನನೀಯ. 1953 ಮತ್ತು 1955ರಲ್ಲಿ ಕೆನಡದ ಸರಕಾರವು ಇನುಕ್ಜುವಾಕ್ ಎಂಬಲ್ಲಿಂದ ಇನುಯಿಟ್ ಜನರ ಕುಟುಂಬಗಳನ್ನು ಎಬ್ಬಿಸಿ, ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ ಒಯ್ದು, ರೆಸೊಲ್ಯೂಟ್ ಮತ್ತು ಗ್ರೀಸ್ ಫಿಯೋರ್ಡ್‌ಗಳಲ್ಲಿ ಬಿಟ್ಟಿತು. ಬೇಟೆ ಹೇರಳ, ಎರಡು ವರ್ಷಗಳಲ್ಲಿ ಮರಳಬಹುದು ಎಂದು ಕೊಟ್ಟ ಮಾತು ನಡೆಯಲಿಲ್ಲ. ತಮಗೆ ಪರಿಚಯವೇ ಇಲ್ಲದ ತಿಂಗಳುಗಟ್ಟಲೆಯ ಕತ್ತಲೆಯಲ್ಲಿ, ಬಂಧುಗಳಿಂದ ಅಗಲಿ, ಆ ಜನ ಬದುಕನ್ನು ಕಟ್ಟಿಕೊಂಡರು. ರೆಸೊಲ್ಯೂಟನ್ನು ಅವರು ತಮ್ಮ ನುಡಿಯಲ್ಲಿ ‘ಬೆಳಗಾಗದ ಎಡೆ’ ಎಂದೂ ಗ್ರೀಸ್ ಫಿಯೋರ್ಡನ್ನು ‘ಎಂದೂ ಕರಗದ ಎಡೆ’ ಎಂದೂ ಕರೆಯುತ್ತಾರೆ. 2010ರ ಆಗಸ್ಟ್‌ನಲ್ಲಿ ಸರಕಾರವು ವಿಧಿವತ್ತಾಗಿ ಕ್ಷಮೆ ಯಾಚಿಸಿತು. ಅದೇ ವರ್ಷ ಎರಡೂ ಊರುಗಳಲ್ಲಿ ಶಿಲಾಸ್ಮಾರಕಗಳು ನಿಂತವು. ಗ್ರೀಸ್ ಫಿಯೋರ್ಡಿನಲ್ಲಿರುವುದು ಕಡಲನ್ನು ನೋಡುತ್ತ ನಿಂತ ತಾಯಿ ಮತ್ತು ಮಗು. ರೆಸೊಲ್ಯೂಟಿನಲ್ಲಿರುವುದು ಒಂಟಿಯಾದ ಗಂಡಾಳು.

ಗಣಕದ ತೆರೆಯಲ್ಲಿ ಗ್ರೀಸ್ ಫಿಯೋರ್ಡನ್ನು ಕಟ್ಟುವವನು ರನ್‌ವೇಯ ಕೊನೆಯ ಅಡಿಯನ್ನೂ ತಪ್ಪದೆ ಅಳೆದಿರಬಹುದು. ಆ ಕಲ್ಲಿನ ತಾಯಿಯನ್ನು ನಿಲ್ಲಿಸಿದ್ದಾನೆಯೆ? ಇದು ಆ ಕಲೆಗೆ ಒಡ್ಡಬಹುದಾದ ನಿಜವಾದ ನಿಕಷ. ಕಾಳಿದಾಸನ ಮೇಘವೂ ರಾಮಗಿರಿಯಿಂದ ಉತ್ತರದ ಅಲಕಾಪುರಿಗೆ ಆಕಾಶಮಾರ್ಗದಲ್ಲಿಯೇ ಸಾಗಿತು. ಆದರೆ ಕವಿಯು ನದಿ ಪರ್ವತಗಳನ್ನು ಮಾತ್ರ ಎಣಿಸಿ ಮುಗಿಸಲಿಲ್ಲ. ಬೆಳೆಯ ಫಲವು ಮೋಡವನ್ನೇ ನೆಚ್ಚಿದೆಯೆಂದು ಅದನ್ನು ಪ್ರೀತಿಯಿಂದ ತಲೆಯೆತ್ತಿ ನೋಡುವ ಹಳ್ಳಿಯ ಹೆಣ್ಣುಮಕ್ಕಳನ್ನೂ ಕಂಡನು. ಮೇಲಿನಿಂದ ನೋಡುವವನಿಗೆ ಕೆಳಗಿನಿಂದ ನೋಡುವವರೂ ಕಾಣಬೇಕು. ಇಲ್ಲವಾದಲ್ಲಿ ಎತ್ತರವು ಅಹಂಕಾರವಾಗುತ್ತದೆ.

ಇನ್ನೊಂದು ಕೊರತೆಯು ಯಂತ್ರದ ಕ್ಷಮಾಗುಣ. 2011ರ ಆಗಸ್ಟ್ 20ರಂದು ರೆಸೊಲ್ಯೂಟಿಗೆ ಇಳಿಯುತ್ತಿದ್ದ ಬೋಯಿಂಗ್ 737 ವಿಮಾನವೊಂದು ದಾರಿ ತಪ್ಪಿ, ರನ್‌ವೇಯಿಂದ ಪೂರ್ವಕ್ಕೆ ಸುಮಾರು ಒಂದು ನಾಟಿಕಲ್ ಮೈಲಿಯ ಗುಡ್ಡಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 15 ಮಂದಿಯಲ್ಲಿ 12 ಮಂದಿ ಮಡಿದರು. ಕಾಂತಧ್ರುವಕ್ಕೆ ಸಮೀಪವಾದ ಆ ಪ್ರದೇಶದಲ್ಲಿ ಸಾಮಾನ್ಯ ದಿಕ್ಸೂಚಿಯ ಮುಳ್ಳು ನಂಬಲು ಯೋಗ್ಯವಲ್ಲ; ಚಾಲಕರು ನಿಜವಾದ ಉತ್ತರವನ್ನೇ ಆಧರಿಸಿ ಬೇರೆ ಉಪಕರಣಗಳಿಂದ ದಿಕ್ಕನ್ನು ನಿರ್ಣಯಿಸಬೇಕಾಗುತ್ತದೆ. ಅಂದಿನ ಅಪಘಾತಕ್ಕೆ ಕಾರಣವಾದ ಸಂಗತಿಗಳಲ್ಲಿ ದಿಕ್ಕಿನ ಉಪಕರಣ ತೋರಿಸಿದ ತಪ್ಪೂ ಒಂದೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ತೆರೆಯ ಮೇಲೆ ಅದೇ ಗುಡ್ಡಕ್ಕೆ ಹತ್ತು ಬಾರಿ ಬಡಿದರೂ ಒಂದು ಗುಂಡಿಯನ್ನೊತ್ತಿದರೆ ವಿಮಾನವು ಮತ್ತೆ ಆಕಾಶದಲ್ಲಿರುತ್ತದೆ. ಹತ್ತು ಬಾರಿ ತಪ್ಪಿ ಕಲಿಯುವ ಈ ಅವಕಾಶವೇ ಲಿಂಕನ ಯಂತ್ರದ ಸಾರ್ಥಕ್ಯ. ಆದರೆ ತಪ್ಪಿಗೆ ಬೆಲೆಯೇ ಇಲ್ಲವೆಂಬ ಭಾವವು ಎಳೆಯ ಮನಸ್ಸಿನಲ್ಲಿ ನೆಲೆಸಿದರೆ ಅದೇ ಅವಕಾಶವು ಅನರ್ಥಕ್ಕೆ ಮೂಲ.

ಆಟವೊಂದಕ್ಕೆ ಇಷ್ಟೆಲ್ಲ ಭಾರವನ್ನು ಹೊರಿಸುವುದೇಕೆ, ದಣಿದ ಮನಸ್ಸಿಗೆ ವಿನೋದವೂ ಬೇಡವೆ ಎಂದು ಕೇಳುವವರಿದ್ದಾರೆ. ವಿನೋದವು ಅವಶ್ಯವಾಗಿ ಬೇಕು. ಆದರೆ ಕಾಲ್ಪನಿಕ ದ್ವೀಪವೊಂದನ್ನು ಕಟ್ಟಿ ಆಡುವುದಕ್ಕೂ, ಹೆಸರುಳ್ಳ, ಜನರುಳ್ಳ ಊರೊಂದನ್ನು ಕಟ್ಟಿ ಆಡುವುದಕ್ಕೂ ಅಂತರವುಂಟು. ಊರಿನ ಹೆಸರನ್ನು ಎತ್ತಿಕೊಂಡವನು ಊರಿನ ಋಣವನ್ನೂ ಎತ್ತಿಕೊಂಡಂತೆಯೇ. ಮೇಲಾಗಿ, ಇಂಥ ಅನುಕೃತಿಗಳು ಮೂಲವನ್ನೂ ಮೀರಿ ಬಾಳುವ ಸಂಭವವಿದೆ. ಆರ್ಟ್‌ವಿಕ್‌ನ ಆಟದ ಆವೃತ್ತಿಗಳಲ್ಲಿ ಬಹುಕಾಲ ವಿಮಾನವು ಹೊರಡುತ್ತಿದ್ದುದು ಷಿಕಾಗೊ ನಗರದ ಮೀಗ್ಸ್ ಎಂಬ ನಿಲ್ದಾಣದಿಂದ. 2003ರ ಮಾರ್ಚ್ 30ರ ರಾತ್ರಿ ನಗರಾಧ್ಯಕ್ಷನ ಆಜ್ಞೆಯಂತೆ ಅದರ ರನ್‌ವೇಯನ್ನು ಅಗೆದು ಹಾಳುಗೆಡವಲಾಯಿತು. ನೆಲದ ಮೇಲೆ ಅಳಿದ ಆ ನಿಲ್ದಾಣವು ಸಿಮ್ಯುಲೇಟರುಗಳಲ್ಲಿ ಇಂದಿಗೂ ಉಳಿದಿದೆ. ಉತ್ತರದಲ್ಲಿಯೂ ಬದಲಾವಣೆ ನಡೆದೇ ಇದೆ. 1941ರಲ್ಲಿ ಯುದ್ಧಕ್ಕಾಗಿ ಅಮೆರಿಕನರು ಕಟ್ಟಿದ ಕಾಂಗರ್ಲುಸ್ಸುವಾಕ್ ನಿಲ್ದಾಣವು ದಶಕಗಳ ಕಾಲ ಗ್ರೀನ್‌ಲೆಂಡಿನ ಹೆಬ್ಬಾಗಿಲಾಗಿತ್ತು. 2024ರ ನವೆಂಬರ್ 28ರಂದು ರಾಜಧಾನಿಯಾದ ನೂಕ್‌ನಲ್ಲಿ ದೊಡ್ಡ ರನ್‌ವೇ ತೆರೆದ ಬಳಿಕ ಆ ಪಟ್ಟ ಅದಕ್ಕೆ ಸಂದಿತು. ವರ್ಷವಿಡೀ ಹೆಪ್ಪುಗಟ್ಟಿರುವ ನೆಲದ ಮೇಲೆ ನಿಂತ ರನ್‌ವೇಗಳು, ಭೂಮಿಯು ಬಿಸಿಯೇರಿ ಆ ನೆಲ ಕರಗಿದಂತೆ, ಕುಸಿಯುವ ಬಿರಿಯುವ ಭೀತಿಯೂ ಇದೆ. ಮುಂದೊಂದು ದಿನ ಮೂಲವಳಿದು ಪ್ರತಿಯೊಂದೇ ಉಳಿದರೆ, ಆ ಪ್ರತಿಯೇ ಸಾಕ್ಷಿ. ಊರನ್ನು ಬಿಟ್ಟು ರನ್‌ವೇಯನ್ನಷ್ಟೇ ಉಳಿಸಿದ ಸಾಕ್ಷಿಯು ಅರ್ಧಸಾಕ್ಷಿ.

ಶರಣರು ಕುರುಹು ಮತ್ತು ಅರಿವು ಎಂಬ ಎರಡರ ಸಂಬಂಧವನ್ನು ಜಗತ್ತಿಗೆ ತಿಳಿಸಿದರು. ಅರಿವನ್ನು ಸಾಧಿಸುವುದಕ್ಕೆ ಕುರುಹು ಬೇಕು. ಕುರುಹಿನಲ್ಲಿಯೇ ನಿಂತವನಿಗೆ ಅರಿವು ದೂರ. ಪರಮಾರ್ಥದ ಈ ಮಾತನ್ನು ಲೌಕಿಕವಾದ ಆಟಕ್ಕೆ ತರುವುದು ಅತಿಯೆಂದು ಕೆಲವರಿಗೆ ತೋರಬಹುದು. ಆದರೆ ವಿವೇಕವು ದೊಡ್ಡದರಲ್ಲಿ ಒಂದು, ಸಣ್ಣದರಲ್ಲಿ ಇನ್ನೊಂದು ಆಗಿರುವುದಿಲ್ಲ. ತೆರೆಯ ಮೇಲಿನ ಹಿಮದ ಊರು ಒಂದು ಕುರುಹು. ಅದನ್ನು ಹಿಡಿದು ಭೂಗೋಳವನ್ನೂ, ಕಾಂತಶಾಸ್ತ್ರವನ್ನೂ, ಒಂದು ಜನಾಂಗದ ನೋವನ್ನೂ ಅರಿಯಬಹುದು. ಅದರಲ್ಲಿಯೇ ನಿಂತು ಅಂಕಗಳನ್ನು ಎಣಿಸುತ್ತಲೂ ಇರಬಹುದು. ಆಯ್ಕೆಯು ಆಡುವವನದು, ಆ ಆಯ್ಕೆಯನ್ನು ಕಲಿಸುವುದು ಪಾಠಶಾಲೆಯದು.

ಆದಕಾರಣ ಉಪಾಧ್ಯಾಯರು ಮಕ್ಕಳ ಕೈಯಿಂದ ಈ ಸಾಧನವನ್ನು ಕಿತ್ತುಕೊಳ್ಳುವುದರಲ್ಲಿ ಪ್ರಯೋಜನವಿಲ್ಲ. ‘ಇಳಿದ ಊರು ಯಾವುದು? ಅಲ್ಲಿರುವವರು ಯಾರು? ಅವರು ಉಣ್ಣುವುದೇನು? ಆ ಹೆಸರಿನ ಅರ್ಥವೇನು?’ ಎಂದು ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ಉತ್ತರಿಸಲು ತೊಡಗಿದ ವಿದ್ಯಾರ್ಥಿಗೆ ಆಟವೇ ಅಧ್ಯಯನವಾಗುತ್ತದೆ. ಅಂತೆಯೇ ಊರುಗಳನ್ನು ಕಟ್ಟುವ ಕುಶಲರೂ ತಮ್ಮ ರಚನೆಯೊಡನೆ ಆ ಊರಿನ ಕಥೆಯ ಒಂದು ಪುಟವನ್ನು ಸೇರಿಸುವುದನ್ನು ಕರ್ತವ್ಯವೆಂದು ಭಾವಿಸಬೇಕು. ಅಷ್ಟು ನಡೆದಲ್ಲಿ, ಕಡಲನ್ನು ನೋಡುತ್ತ ನಿಂತ ಆ ಕಲ್ಲಿನ ತಾಯಿಯನ್ನು ದೂರದ ದೇಶದ ಬಾಲಕನೊಬ್ಬನು ತೆರೆಯ ಮೇಲೆ ಕಂಡಾಗ, ವಿಮಾನವನ್ನು ಒಂದು ಗಳಿಗೆ ನಿಲ್ಲಿಸಿ, ಈಕೆ ಯಾರೆಂದು ಕೇಳಿಯಾನು.