ಮನೆ ಒಂದು, ನಂಬರು ಐದು!

ಕೃಷ್ಣರಾಜಪುರದಲ್ಲಿ ಮನೆ ಮಾರಲು ಹೊರಟವನಿಗೆ ಗಿರಾಕಿ ಸಿಗೋದು ಸುಲಭ. ಮನೆ ತನ್ನದೇ ಅಂತ ಕಂಪ್ಯೂಟರಿಗೆ ಒಪ್ಪಿಸೋದೇ ಕಷ್ಟ! ಕಂದಾಯದ ರಸೀದಿಯಲ್ಲಿ ಒಂದು ನಂಬರು, ಖಾತೆಯಲ್ಲಿ ಇನ್ನೊಂದು, ಕ್ರಯಪತ್ರದಲ್ಲಿ ಮತ್ತೊಂದು. ಬೆಸ್ಕಾಂ ಬಿಲ್ಲಿನಲ್ಲಿ ಹತ್ತು ಅಂಕಿಯದು, ಜಲಮಂಡಳಿಯದು ಬೇರೆ.

ಈ ಗೋಜಲು ನಿನ್ನೆ ಮೊನ್ನೆಯದಲ್ಲ. ಮೊದಲು ಪಂಚಾಯ್ತಿ, ಆಮೇಲೆ ನಗರಸಭೆ, 2007ರಲ್ಲಿ ಬಿಬಿಎಂಪಿ, 2025ರ ಸೆಪ್ಟೆಂಬರಿನಿಂದ ಬೆಂಗಳೂರು ಪೂರ್ವ ನಗರ ಪಾಲಿಕೆ. ಬೋರ್ಡು ಬದಲಾದಂತೆ ನಂಬರುಗಳೂ ಬೆಳೆದವು. ಅಜ್ಜನ ಪತ್ರದಲ್ಲಿ ಖಾನೇಷುಮಾರಿ ನಂಬರು, ಮೊಮ್ಮಗನ ಇ-ಖಾತೆಯಲ್ಲಿ ಇಪಿಐಡಿ. ಎರಡೂ ಒಂದೇ ಜಾಗ ಅಂತ ಹೇಳೋರು ಯಾರು?

2024ರ ಅಕ್ಟೋಬರಿನಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಪಾಲಿಕೆಯ ಲೆಕ್ಕಕ್ಕೂ ಸಬ್‌ರಿಜಿಸ್ಟ್ರಾರ್ ಕಚೇರಿಯ 'ಕಾವೇರಿ' ತಂತ್ರಾಂಶಕ್ಕೂ ತಾಳೆಯಾಗಬೇಕು. ಒಳ್ಳೇದೇ. ಒಂದೇ ಸೈಟನ್ನು ಇಬ್ಬರಿಗೆ ಮಾರುವ ಮಹಾನುಭಾವರಿಗೆ ಬೀಗ ಬೀಳಲೇಬೇಕು. ಆದರೆ ಆಧಾರ್‌ನಲ್ಲಿ 'ಮುನಿಯಪ್ಪ', ಕ್ರಯಪತ್ರದಲ್ಲಿ 'ಎಂ. ಮುನಿಸ್ವಾಮಪ್ಪ' ಎಂದಿದ್ದರೆ ಯಂತ್ರಕ್ಕೆ ಅವರಿಬ್ಬರು. ಒಂದೇ ಬೀದಿಯ ಮೂವರು ಮುನಿಯಪ್ಪಂದಿರನ್ನು ಹೆಸರು ನೋಡಿ ಜೋಡಿಸಿದರೋ, ಒಬ್ಬನ ಮನೆ ಇನ್ನೊಬ್ಬನ ಲೆಕ್ಕಕ್ಕೆ!

ಕಿರಾಣಿ ಅಂಗಡಿಯವರಿಗೆ ಈ ವಿದ್ಯೆ ಹೊಸದೇನಲ್ಲ. ಉದ್ರಿ ಪುಸ್ತಕ ತುಂಬಿ ಹೊಸದು ತೆರೆದಾಗ ಗಿರಾಕಿಯ ಹೆಸರಿನ ಪಕ್ಕ 'ಹಿಂದಿನ ಪುಸ್ತಕ, ಪುಟ 43' ಅಂತ ಬರೆದಿಡುತ್ತಾರೆ. ತಕರಾರು ಬಂದರೆ ಹಳೇ ಪುಟ ತೆಗೆದು ತೋರಿಸುತ್ತಾರೆ. 'ನಿಮ್ಮ ಹಳೇ ಬಾಕಿ ನೀವೇ ಹುಡುಕಿಕೊಂಡು ಬನ್ನಿ' ಅಂತ ಗಿರಾಕಿಯನ್ನು ಅಟ್ಟೋದಿಲ್ಲ.

ಪಾಲಿಕೆಯೂ ಇಷ್ಟು ಮಾಡಲಿ. ಪ್ರತಿ ಸ್ವತ್ತಿಗೂ ಒಂದೇ ಹಾಳೆ. ಅದರಲ್ಲಿ ಹಳೆಯ, ಹೊಸ ನಂಬರುಗಳೆಲ್ಲ ಇರಲಿ. ಯಾವ ದಾಖಲೆ ನೋಡಿ, ಯಾವ ಅಧಿಕಾರಿ, ಯಾವತ್ತು ಜೋಡಿಸಿದರು ಎಂಬುದೂ ಇರಲಿ. ಹಳೆಯ ನಂಬರು ಅಳಿಸಬಾರದು. ಅನುಮಾನ ಬಂದಲ್ಲಿ ಯಂತ್ರ ಊಹೆ ಮಾಡಬಾರದು, ಮನುಷ್ಯ ಸ್ಥಳಕ್ಕೆ ಹೋಗಿ ನೋಡಬೇಕು.

ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಮನೆ ಅಡವಿಡುವವನು ದಿನಗೂಲಿ ಬಿಟ್ಟು, ಬಸ್ಸು ಹತ್ತಿ, ಕಚೇರಿಯಿಂದ ಕಚೇರಿಗೆ ಸುತ್ತಬೇಕೆ? ಅವನು ಸುತ್ತಿದಷ್ಟೂ ದಲ್ಲಾಳಿಗೆ ಹಬ್ಬ. ನಂಬರು ಕೊಟ್ಟೋರು ಕಚೇರಿಯವರು. ಜೋಡಿಸೋ ಕೆಲಸವೂ ಅವರದೇ. ಮನೆ ಇದ್ದ ಜಾಗದಲ್ಲೇ ಇದೆ ಸ್ವಾಮಿ, ಎದ್ದು ಎಲ್ಲೂ ಹೋಗಿಲ್ಲ. ಓಡಾಡಬೇಕಾದ್ದು ಕಡತ, ಜನ ಅಲ್ಲ.