ಬಣ್ಣ ಬಳಿಯದ ಬಣ್ಣ

ಸಂಡೂರಿನ ಗಣಿಗಳ ಹಾದಿಯಲ್ಲಿ ಮರದ ಎಲೆಯ ಮೇಲೂ ಕೆಂಧೂಳು. ಅಲ್ಲಿಯ ಅದಿರು ಕಬ್ಬಿಣವೂ ಆಮ್ಲಜನಕವೂ ಕೂಡಿ ಆದ ವಸ್ತು. ಎಷ್ಟು ನುಣ್ಣಗೆ ಅರೆದರೂ ಅದರ ಕೆಂಪು ಹೋಗದು. ಅದೇ ಕಬ್ಬಿಣ, ಅದೇ ಆಮ್ಲಜನಕ ಕಮ್ಮಾರನ ಕುಲುಮೆಯಲ್ಲಿ ಕೂಡಿದಾಗ ನೀಲಿ ಹುಟ್ಟುವುದೆಂದರೆ ಅಚ್ಚರಿಯಲ್ಲವೆ?

ಕಂಪ್ಲಿ, ಹೊಸಪೇಟೆಗಳ ಗದ್ದೆಗಳಲ್ಲಿ ಕಬ್ಬು ಕಡಿಯಲು ಮಚ್ಚು ಬೇಕು. ಕಾಸಿದ ಉಕ್ಕಿನ ಅಲಗನ್ನು ನೀರಿನಲ್ಲಿ ಅದ್ದಿದರೆ ಅದು ಗಡುಸಾಗುತ್ತದೆ; ಪೆಟ್ಟಿಗೆ ಸಿಡಿಯುವಂತೆಯೂ ಆಗುತ್ತದೆ. ಹದಕ್ಕೆ ತರಲು ಉಜ್ಜಿ ಹೊಳಪಿಟ್ಟು ಮತ್ತೆ ಮೆಲ್ಲನೆ ಕಾಸಬೇಕು. ಸುಮಾರು 230 ಡಿಗ್ರಿ ಸೆಲ್ಸಿಯಸ್ಸಿಗೆ ತಿಳಿಹಳದಿ ಮೂಡುತ್ತದೆ. ಬಳಿಕ ಕಂದು, ನೇರಳೆ. 300ರ ಹೊತ್ತಿಗೆ ನೀಲಿ. ಬಣ್ಣವರಿತು ಕಾವನ್ನು ನಿಲ್ಲಿಸದಿದ್ದರೆ ಅಲಗು ಮುರಿದೀತು, ಇಲ್ಲವೆ ಬೇಗ ಮೊಂಡಾದೀತು. ಕಡಿಯುವವನ ದಿನದ ಕೂಲಿಗೇ ಕುತ್ತು.

ಕಾದ ಉಕ್ಕಿನ ಮೇಲೆ ಬೆಳೆಯುವ ಆಕ್ಸೈಡಿನ ಪೊರೆಯೇ ಈ ಬಣ್ಣಗಳ ಮೂಲ. ಅದರ ದಪ್ಪ ಕೆಲವು ಹತ್ತು ನ್ಯಾನೋಮೀಟರು ಮಾತ್ರ. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲೇ ನ್ಯಾನೋಮೀಟರು. ಪೊರೆಯ ಮೇಲ್ಮೈಯಿಂದ ಮರಳಿದ ಬೆಳಕೂ ಅಡಿಯ ಲೋಹದಿಂದ ಮರಳಿದ ಬೆಳಕೂ ಬೆರೆತಾಗ ಕೆಲವು ಅಲೆಗಳು ಪರಸ್ಪರ ಅಳಿಸಿಹೋಗುತ್ತವೆ. ಉಳಿದವು ಕಣ್ಣಿಗೆ ಬಣ್ಣವಾಗುತ್ತವೆ. ಪೊರೆ ದಪ್ಪವಾದಂತೆ ಬಣ್ಣವೂ ಬದಲಾಗುತ್ತದೆ.

ತಂತಿಯ ಮೇಲೆ ಕೂರುವ ನೀಲಕಂಠದ ರೆಕ್ಕೆಯ ನೀಲಿಯೂ ಇಂಥ ಸೂಕ್ಷ್ಮ ರಚನೆಯ ಫಲ. ಗರಿಯನ್ನು ಅರೆದರೆ ನೀಲಿ ಮಾಯ. ಬೆಂಗಳೂರಿನಲ್ಲಿದ್ದ ಸರ್ ಸಿ. ವಿ. ರಾಮನ್ನರು ಹಕ್ಕಿಗಳ ಗರಿಬಣ್ಣದ ಮೂಲವನ್ನು ಕುರಿತು 1934ರಲ್ಲಿಯೇ ಪ್ರಬಂಧ ಪ್ರಕಟಿಸಿದ್ದರು.

ಲೋಹದಲ್ಲಿ ಇಂಥ ರಚನೆಯನ್ನು ಬೇಕೆಂದೇ ಕಟ್ಟಿದವರೂ ಉಂಟು. 2012ರಲ್ಲಿ ಸಿಂಗಪುರದ ವಿಜ್ಞಾನಿಗಳು ಕೂದಲೆಳೆಗಿಂತ ನೂರಾರು ಪಟ್ಟು ಸಣ್ಣ ಕಂಬಗಳ ಮೇಲೆ ಬೆಳ್ಳಿ, ಚಿನ್ನಗಳ ಬಿಲ್ಲೆಗಳನ್ನು ನಿಲ್ಲಿಸಿ, ಅಂಗುಲಕ್ಕೆ 1 ಲಕ್ಷ ಚುಕ್ಕೆಗಳ ವರ್ಣಚಿತ್ರವನ್ನು ಮೂಡಿಸಿದರು. ಬಿಲ್ಲೆಯೊಳಗಿನ ಎಲೆಕ್ಟ್ರಾನುಗಳು ಕೆಲವು ಅಲೆಗಳಿಗೆ ಮಾತ್ರ ಓಗೊಟ್ಟು ತೂಗುತ್ತವೆ. ಬಿಲ್ಲೆಯ ಅಗಲವನ್ನೂ ನಡುವಣ ಅಂತರವನ್ನೂ ಬದಲಿಸಿದರೆ ಬಣ್ಣವೂ ಬೇರೆ.

ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಸೂರಿನ ಚಿತ್ರಗಳು ಬಳಿದ ಬಣ್ಣದವು; ಬಳಿದದ್ದು ಉದುರಿದಲ್ಲಿ ಚಿತ್ರವೂ ಹೋಯಿತು. ರಚನೆಯ ಬಣ್ಣಕ್ಕೆ ಬಿಸಿಲಿನ ಭಯ ಕಡಿಮೆಯಾದರೂ ಗೀರು ಬಿದ್ದರೆ, ಬೆಳ್ಳಿ ಕಪ್ಪಿಟ್ಟರೆ ಅದಕ್ಕೂ ಕೇಡು. ಮಚ್ಚಿನ ಬಣ್ಣವನ್ನಂತೂ ಸಾಣೆಕಲ್ಲು ಒಂದೇ ಉಜ್ಜಿಗೆ ಒರೆಸಿಬಿಡುತ್ತದೆ. ಆದರೆ ಆ ಬಣ್ಣ ನೋಡಿ ಕೊಟ್ಟ ಹದ ಉಕ್ಕಿನೊಳಗೆ ಉಳಿದಿರುತ್ತದೆ.