ಏಣಿ ಹತ್ತಿದವರು ಮೊದಲ ಮೆಟ್ಟಿಲನ್ನೇ ಮರೆತರೆ?

ಶ್ರೀ ಬಸವರಾಜ ಬೊಮ್ಮಾಯಿಯವರು ದಿಲ್ಲಿಯ ಲೋಕಸಭೆಗೆ ಹೋದುದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ನೆಲದವರೊಬ್ಬರು ಮೇಲೇರಿದರೆ ಯಾರಿಗೆ ಬೇಡ? ಆದರೆ ಅವರು ಮೊದಲು ಕಾಲಿಟ್ಟ ಮೆಟ್ಟಿಲು ಏನಾಯಿತೆಂದು ಕೇಳುವ ಹಕ್ಕು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಮತದಾರರಿಗೆ ಉಂಟು.

ಅವರು ಎರಡು ಸಲ ವಿಧಾನ ಪರಿಷತ್ತಿಗೆ ಹೋದದ್ದು ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ. ಅಂದರೆ ಪಂಚಾಯತಿ, ಪುರಸಭೆಗಳ ಸದಸ್ಯರು ಕೊಟ್ಟ ಮತದಿಂದ. 2008ರಿಂದ ನಾಲ್ಕು ಸಲ ಶಿಗ್ಗಾಂವಿಯ ಶಾಸಕರಾದರು. 2021ರ ಜುಲೈಯಲ್ಲಿ ಮುಖ್ಯಮಂತ್ರಿ, 2024ರಲ್ಲಿ ಹಾವೇರಿಯ ಸಂಸದ.

2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ತೀರಿತು. ಅವಧಿ ತೀರುವ ಮೊದಲೇ ಹೊಸ ಚುನಾವಣೆ ಮುಗಿಯಬೇಕೆಂಬುದು ಸಂವಿಧಾನದ ಕಟ್ಟಳೆ. ಬೊಮ್ಮಾಯಿ ಸರಕಾರ ಮಾಡಿದ್ದೇನು? ಕ್ಷೇತ್ರ ವಿಂಗಡಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಸಿದು ಬೇರೊಂದು ಆಯೋಗಕ್ಕೆ ಕೊಟ್ಟಿತು. 2023ರ ಮೇಯಲ್ಲಿ ಆ ಸರಕಾರ ಹೋಗುವವರೆಗೂ ಚುನಾವಣೆ ಬರಲಿಲ್ಲ. ಆಮೇಲೆ ಬಂದ ಕಾಂಗ್ರೆಸ್ಸು? ಅದೂ 2024 ಮುಗಿದರೂ ನಡೆಸಲಿಲ್ಲ. ಪಕ್ಷ ಎರಡು, ಬುದ್ಧಿ ಒಂದೇ! ಜನಪ್ರತಿನಿಧಿಗಳು ಕೂಡಬೇಕಾದಲ್ಲಿ ಆಡಳಿತಾಧಿಕಾರಿಗಳು ಕೂತರು.

ಶಾಸಕರ ಕುರ್ಚಿ ಖಾಲಿಯಾದರೆ ಮಾತ್ರ ಎಲ್ಲಿಲ್ಲದ ಅವಸರ. ಶಾಸಕರು ಅನರ್ಹರಾದ ಹಿರೇಕೆರೂರಿನಲ್ಲಿ 2019ರ ಡಿಸೆಂಬರದಲ್ಲಿ, ಸಿ. ಎಂ. ಉದಾಸಿಯವರು ತೀರಿಕೊಂಡ ಹಾನಗಲ್ಲಿನಲ್ಲಿ 2021ರ ಅಕ್ಟೋಬರದಲ್ಲಿ, ಬೊಮ್ಮಾಯಿಯವರು ಬಿಟ್ಟುಹೋದ ಶಿಗ್ಗಾಂವಿಯಲ್ಲಿ 2024ರ ನವೆಂಬರದಲ್ಲಿ ಉಪಚುನಾವಣೆ ನಡೆಯಿತು. ಮೂರೂ ಆರು ತಿಂಗಳೊಳಗೆ! ಅದಕ್ಕೆ ಕಾನೂನಿನ ಗಡುವು ಉಂಟು ಎನ್ನುವರು. ಪಂಚಾಯತಿಗೆ ಇಲ್ಲವೆ? ಶಿಗ್ಗಾಂವಿಯ ತೆರವಿಗೆ ಅವರ ಪಕ್ಷಕ್ಕೆ ಸಿಕ್ಕ ಹುರಿಯಾಳೂ ಅವರ ಮಗನೇ. ಜನ ಒಪ್ಪಲಿಲ್ಲ, ಸೋಲಿಸಿದರು.

ಕಾರಡಗಿಯಲ್ಲಿ ಹುಟ್ಟಿದ ಎಸ್. ಆರ್. ಬೊಮ್ಮಾಯಿಯವರನ್ನು ಇಲ್ಲಿ ನೆನೆಯಲೇಬೇಕು. ಅವರು ಮಂತ್ರಿಯಾಗಿದ್ದ ಜನತಾ ಸರಕಾರವೇ ಅಬ್ದುಲ್ ನಜೀರ್ ಸಾಬರ ಮುಂದಾಳುತನದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳನ್ನು ಕಟ್ಟಿ 1987ರಲ್ಲಿ ಚುನಾವಣೆ ನಡೆಸಿತು. 1989ರ ಏಪ್ರಿಲದಲ್ಲಿ ದಿಲ್ಲಿಯವರು ಮುಖ್ಯಮಂತ್ರಿ ಬೊಮ್ಮಾಯಿಯವರ ಸರಕಾರವನ್ನು ವಜಾ ಮಾಡಿದಾಗ ಅವರು ನ್ಯಾಯಾಲಯಕ್ಕೆ ಹೋದರು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ತೀರ್ಪಿತ್ತಿತು. ದಿಲ್ಲಿಯು ಬೆಂಗಳೂರನ್ನು ತುಳಿಯಬಾರದೆಂಬುದು ತಂದೆ ಗಳಿಸಿಕೊಟ್ಟ ನ್ಯಾಯ. ಹಾಗಾದರೆ ಬೆಂಗಳೂರು ಹಾನಗಲ್ಲನ್ನು ತುಳಿಯಬಹುದೆ?

ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದು ಡಾಕ್ಟರ್ ಲೋಹಿಯಾ ಹೇಳಿದರು. ಕೆಳಗಿನ ಕಂಬ ಕಿತ್ತು ಮೇಲಿನದಕ್ಕೆ ಬಣ್ಣ ಬಳಿಯುವವರನ್ನು ನಾಯಕರೆನ್ನಲು ನಾವು ಸಿದ್ಧರಿಲ್ಲ. ತನ್ನ ಊರಿನ ಕೆರೆಯ ಹೂಳಿಗಾಗಿ, ಶಾಲೆಯ ಸೋರುವ ಮಾಡಿಗಾಗಿ ರೈತನು ಯಾರನ್ನು ಕೇಳಬೇಕು? ತಾನು ಆರಿಸದ, ತಾನು ಇಳಿಸಲಾಗದ ಅಧಿಕಾರಿಯನ್ನೆ?

ಬಂಧುಗಳೆ, ಮತ ಕೇಳಲು ಬಂದವರು ಯಾವ ಪಕ್ಷದವರೇ ಇರಲಿ, ಅವರು ಎಲ್ಲಿಗೆ ಏರುವರೆಂದು ಕೇಳಬೇಡಿರಿ. ಪಂಚಾಯತಿಯ ಚುನಾವಣೆಯನ್ನು ಒಂದು ದಿನವೂ ತಡಮಾಡದೆ ನಡೆಸುವಿರಾ ಎಂದು ಕೇಳಿರಿ. ಉತ್ತರ ಕೊಡದವರಿಗೆ ಮತ ಕೊಡಬೇಡಿರಿ.